ಸುಖದ ದಿನಗಳ ಔಷಧಿ



'ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ' ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಹೊಟ್ಟೆಯ ವ್ಯಾಧಿಯಿಂದ ನರಳುವವರಂತೂ ಅದರ ಪೂರ್ವಾರ್ಧವನ್ನು ಬಂದವರು ಹೋದವರೆಲ್ಲರ ಬಾಯಿಂದ ಕೇಳುತ್ತಲೇ ಇರುತ್ತಾರೆ. ನಾವೂ ಕಳೆದ 19 ವರ್ಷಗಳಿಂದ ಕೇಳುತ್ತಿದ್ದೇವೆ. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಆ ಮಾತಿನೊಳಗೆ ಒಂದು ಆಪಾದನೆ ಅಡಗಿರುತ್ತದೆ. ರೋಗಿಯು ತಿನ್ನಬಾರದ್ದನ್ನು ತಿಂದು ರೋಗವನ್ನು ತಾನೇ ತಂದುಕೊಂಡನೆಂಬುದೇ ಆ ಆಪಾದನೆ.

ಈ ಅಂಕಣದಲ್ಲಿ ನಮ್ಮ ಸ್ವಂತದ ಸಂಗತಿಯನ್ನು ಬರೆಯುವ ರೂಢಿ ನಮಗಿಲ್ಲ. ಈ ತಿಂಗಳು ಆ ರೂಢಿಯನ್ನು ಮುರಿಯಲು ತಾಯಿಯೊಬ್ಬರ ಪತ್ರವೇ ಕಾರಣ. ಅವರ ಮಗನಿಗೆ 'ಅಲ್ಸರೇಟಿವ್ ಕೊಲೈಟಿಸ್' ಎಂಬ ದೊಡ್ಡ ಕರುಳಿನ ಹುಣ್ಣಿನ ರೋಗವಿದೆಯಂತೆ. ಆರು ತಿಂಗಳಿನಿಂದ ಯಾವ ತೊಂದರೆಯೂ ಇಲ್ಲದ್ದರಿಂದ ಆತ ಮಾತ್ರೆಗಳನ್ನು ನಿಲ್ಲಿಸಿದ್ದಾನೆ. ಈಗ ಮದುವೆಯ ಮಾತುಕತೆ ನಡೆದಿದೆ. ಮಾತ್ರೆಗಳು ಕಣ್ಣಿಗೆ ಬಿದ್ದರೆ ಕನ್ಯೆಯ ಮನೆಯವರು ಏನೆಂದಾರೋ ಎಂಬ ಅಂಜಿಕೆಯೂ ಮನೆಯಲ್ಲಿದೆ. 'ಗುಣವಾದ ಮೇಲೆ ಔಷಧಿ ಏಕೆ ಬೇಕು?' ಎಂದು ಆ ತಾಯಿ ಕೇಳಿದ್ದಾರೆ. ಅದೇ ರೋಗದೊಡನೆ ಬಾಳುತ್ತಿರುವ ನಾವು ಈ ಪ್ರಶ್ನೆಗೆ ಮುಚ್ಚುಮರೆಯಿಲ್ಲದೆ ಉತ್ತರಿಸುವುದು ಕರ್ತವ್ಯವೆಂದು ಭಾವಿಸಿದ್ದೇವೆ.

ಮೊದಲು ರೋಗದ ಸ್ವರೂಪವನ್ನು ತಿಳಿಯೋಣ. ನಮ್ಮ ದೊಡ್ಡ ಕರುಳು ಸುಮಾರು ಐದು ಅಡಿ ಉದ್ದವಿದೆ. ಅದರ ಒಳಪದರದಲ್ಲಿ ಉರಿಯೂತವುಂಟಾಗಿ ಹುಣ್ಣುಗಳೇಳುವುದೇ ಈ ರೋಗ. ಇದು ಗುದನಾಳದಲ್ಲಿ ಆರಂಭವಾಗಿ ಮೇಲಕ್ಕೆ ಹಬ್ಬುತ್ತದೆ. ಕೆಲವರಲ್ಲಿ ಗುದನಾಳದಲ್ಲಿಯೇ ನಿಲ್ಲುತ್ತದೆ, ಕೆಲವರಲ್ಲಿ ಕರುಳನ್ನೆಲ್ಲ ವ್ಯಾಪಿಸುತ್ತದೆ. ಮಲದಲ್ಲಿ ರಕ್ತ ಮತ್ತು ಲೋಳೆ, ದಿನಕ್ಕೆ ಹಲವು ಸಲ ತಡೆಯಲಾಗದ ಒತ್ತಡ, ಹೊಟ್ಟೆಯ ನುಲಿತ, ನಿಶ್ಶಕ್ತಿ, ರಕ್ತಹೀನತೆ ಇದರ ಲಕ್ಷಣಗಳು. ಹೆಚ್ಚಾಗಿ ಹರೆಯದವರಲ್ಲಿಯೇ ಕಾಣಿಸಿಕೊಳ್ಳುತ್ತದೆ. ಮೈಯನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯು ದಾರಿತಪ್ಪಿ ಸ್ವಂತ ಕರುಳಿನ ಮೇಲೆಯೇ ತಿರುಗಿ ಬೀಳುವುದರಿಂದ ಇದು ಬರುತ್ತದೆ. ಹುಟ್ಟಿನಿಂದ ಬಂದ ಗುಣ, ಕರುಳಿನ ಸೂಕ್ಷ್ಮಜೀವಿಗಳು, ಸುತ್ತಲಿನ ಪರಿಸರ ಇವೆಲ್ಲವುಗಳ ಪಾಲು ಇದರಲ್ಲಿದೆ. ಇದು ಅಂಟುರೋಗವಲ್ಲ. ಯಾವುದೋ ಒಂದು ದಿನದ ಊಟದಿಂದ ಬಂದದ್ದೂ ಅಲ್ಲ.

ನಮ್ಮ ನಾಡಿನಲ್ಲಿ ಆಮಶಂಕೆ ಮತ್ತು ಮೂಲವ್ಯಾಧಿಗಳು ಸಾಮಾನ್ಯವಾದ್ದರಿಂದ ಈ ರೋಗವನ್ನು ಗುರುತಿಸಲು ತಡವಾಗುತ್ತದೆ. ನಮಗೂ ಹಾಗೆಯೇ ಆಯಿತು. ಮಲದಲ್ಲಿ ರಕ್ತ ಕಂಡಾಗ ಮೂಲವ್ಯಾಧಿಯೆಂದು ಮೂಲಂಗಿಯ ರಸ ಕುಡಿದೆವು. ಆಮಶಂಕೆಯೆಂದು ಅಂಗಡಿಯಿಂದ ಮಾತ್ರೆ ತಂದು ನುಂಗಿದೆವು. ಲಜ್ಜೆಯಿಂದ ಯಾರಿಗೂ ಹೇಳದೆ ಆರು ತಿಂಗಳು ಕಳೆದೆವು. ಕೊನೆಗೆ ತಜ್ಞ ವೈದ್ಯರು ಕೊಲೊನೊಸ್ಕೋಪಿಯಿಂದ ಕರುಳಿನ ಒಳಭಾಗವನ್ನು ನೋಡಿ, ಚಿಕ್ಕ ತುಣುಕನ್ನು ತೆಗೆದು ಪರೀಕ್ಷಿಸಿದ ಮೇಲೆಯೇ ನಿಜ ತಿಳಿಯಿತು. ಆದ್ದರಿಂದ ಮಲದಲ್ಲಿ ರಕ್ತವು ಮೇಲಿಂದ ಮೇಲೆ ಕಂಡರೆ ಪರೀಕ್ಷೆಯಿಲ್ಲದೆ ಮೂಲವ್ಯಾಧಿಯೆಂದು ತೀರ್ಮಾನಿಸಬೇಡಿರಿ.

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಈ ರೋಗಕ್ಕೆ ಎರಡು ಅವಸ್ಥೆಗಳಿವೆ. ಒಂದು ಉಲ್ಬಣ, ಇನ್ನೊಂದು ಉಪಶಮನ. ಉಪಶಮನವೆಂದರೆ ಗುಣವಾಯಿತೆಂದಲ್ಲ, ಬೂದಿ ಮುಚ್ಚಿದ ಕೆಂಡದಂತೆ ರೋಗವು ಅಡಗಿ ಕುಳಿತಿದೆಯೆಂದು ಅರ್ಥ. ಬೂದಿಯನ್ನು ಕಂಡು ಬೆಂಕಿ ಆರಿತೆಂದು ತಿಳಿಯುವುದೇ ರೋಗಿಗಳು ಮಾಡುವ ದೊಡ್ಡ ತಪ್ಪು. ನಾವೂ ಅದನ್ನು ಮಾಡಿದವರೇ. ಚಿಕಿತ್ಸೆ ಆರಂಭಿಸಿದ ಮೂರು ತಿಂಗಳಲ್ಲಿ ಎಲ್ಲ ಲಕ್ಷಣಗಳೂ ಮಾಯವಾದವು. ಹತ್ತನೆಯ ತಿಂಗಳಿನಲ್ಲಿ ವೈದ್ಯರಿಗಾಗಲಿ ಮನೆಯವರಿಗಾಗಲಿ ತಿಳಿಸದೆ ಮಾತ್ರೆಗಳನ್ನು ಬಿಟ್ಟೆವು. ನಾಲ್ಕು ತಿಂಗಳು ಏನೂ ಆಗಲಿಲ್ಲ, ನಮ್ಮ ಜಾಣತನಕ್ಕೆ ನಾವೇ ಬೆನ್ನು ಚಪ್ಪರಿಸಿಕೊಂಡೆವು. ಅಕ್ಕನ ಮಗಳ ಮದುವೆಯ ಹಿಂದಿನ ದಿನ ರೋಗ ಮರುಕಳಿಸಿತು. ಒಂದೇ ದಿನದಲ್ಲಿ 14 ಸಲ ರಕ್ತಭೇದಿಯಾಗಿ ಹಂದರದ ಮನೆಯಿಂದ ಆಸ್ಪತ್ರೆಗೆ ಹೊತ್ತೊಯ್ದರು. ಎರಡು ಬಾಟಲಿ ರಕ್ತ ಕೊಡಬೇಕಾಯಿತು, 12 ದಿನ ಹಾಸಿಗೆಯಲ್ಲಿದ್ದೆವು. ಆಗ ಅವ್ವ ನಮ್ಮ ತಲೆಯ ಬಳಿ ಕುಳಿತು, 'ನಾ ಅಂಜತೇನಂತ ನೀ ಹೇಳಲಿಲ್ಲ. ಹೇಳದಿದ್ದಕ್ಕ ಈಗ ದುಪ್ಪಟ್ಟು ಅಂಜೀನಿ' ಎಂದಳು. ಆ ಮಾತನ್ನು ನಾವಿಂದಿಗೂ ಮರೆತಿಲ್ಲ.

ಇದು ನಮ್ಮೊಬ್ಬರ ಅನುಭವ ಮಾತ್ರವಲ್ಲ. ಅಮೆರಿಕದ ಶಿಕಾಗೋ ನಗರದ ವೈದ್ಯರು ಉಪಶಮನ ಸ್ಥಿತಿಯಲ್ಲಿದ್ದ 99 ರೋಗಿಗಳನ್ನು ಎರಡು ವರ್ಷಗಳ ವರೆಗೆ ಗಮನಿಸಿ 2003ರಲ್ಲಿ ವರದಿ ಪ್ರಕಟಿಸಿದರು. ಮಾತ್ರೆಗಳನ್ನು ತಪ್ಪದೆ ತೆಗೆದುಕೊಂಡವರಲ್ಲಿ ನೂರಕ್ಕೆ 89 ಮಂದಿ ಸುಖವಾಗಿಯೇ ಉಳಿದರು. ತಪ್ಪಿಸಿದವರಲ್ಲಿ ಹಾಗೆ ಉಳಿದವರು ನೂರಕ್ಕೆ 39 ಮಂದಿ ಮಾತ್ರ. ಅಂದರೆ ಕಷ್ಟದ ದಿನಗಳಲ್ಲಿ ನುಂಗುವ ಮಾತ್ರೆ ಬೆಂಕಿಯನ್ನು ಆರಿಸುತ್ತದೆ, ಸುಖದ ದಿನಗಳಲ್ಲಿ ನುಂಗುವ ಮಾತ್ರೆ ಬೆಂಕಿ ಹೊತ್ತದಂತೆ ಕಾಯುತ್ತದೆ.

ಈ ಔಷಧಿಗಳು ಸುಲಭವಾಗಿ ದೊರೆತವುಗಳಲ್ಲ. 1859ರಲ್ಲಿ ಇಂಗ್ಲೆಂಡಿನ ಸ್ಯಾಮ್ಯುಯಲ್ ವಿಲ್ಕ್ಸ್ ಎಂಬ ವೈದ್ಯರು ಈ ರೋಗವನ್ನು ವರ್ಣಿಸಿದ ಮೇಲೆಯೂ ದೀರ್ಘಕಾಲ ಇದಕ್ಕೆ ತಕ್ಕ ಮದ್ದಿರಲಿಲ್ಲ. ಸ್ವೀಡನ್ನಿನ ನಾನಾ ಸ್ವಾರ್ಟ್ಸ್ ಎಂಬ ಮಹಿಳಾ ವೈದ್ಯರು ಸಂಧಿವಾತಕ್ಕಾಗಿ ರೂಪಿಸಿದ ಸಲ್ಫಾಸಲಜೀನ್ ಎಂಬ ಔಷಧಿಯು ಕರುಳಿನ ಹುಣ್ಣನ್ನೂ ಮಾಯಿಸುವುದನ್ನು ಕಂಡು 1942ರಲ್ಲಿ ಲೋಕಕ್ಕೆ ತಿಳಿಸಿದರು. ತೀವ್ರ ಉಲ್ಬಣದಲ್ಲಿ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಉಪಕಾರಿಯೆಂಬುದನ್ನು ಆಕ್ಸ್‌ಫರ್ಡಿನ ಟ್ರೂಲವ್ ಮತ್ತು ವಿಟ್ಸ್ 1955ರಲ್ಲಿ ದೃಢಪಡಿಸಿದರು. ಸಲ್ಫಾಸಲಜೀನಿನಲ್ಲಿ ನಿಜವಾಗಿ ಕೆಲಸ ಮಾಡುವ ಅಂಶ ಯಾವುದೆಂಬುದನ್ನು 1977ರಲ್ಲಿ ಅದೇ ಆಕ್ಸ್‌ಫರ್ಡಿನಲ್ಲಿ ತೋರಿಸಿದವರ ಪೈಕಿ ಬಾಂಗ್ಲಾದೇಶದ ಡಾ. ಆಜಾದ್ ಖಾನ್ ಮೊದಲಿಗರು. ಇಂದು ಮೆಸಲಜೀನ್ ಅಥವಾ ಮೆಸಲಮೈನ್ ಎಂಬ ಹೆಸರಿನಲ್ಲಿ ರೋಗಿಗಳು ನುಂಗುತ್ತಿರುವುದು ಅದೇ ಅಂಶ. ಇವುಗಳಿಂದ ಹತೋಟಿಗೆ ಬಾರದವರಿಗೆ ಈಗ ಬೇರೆ ಪ್ರಬಲ ಔಷಧಿಗಳೂ ಇವೆ. ಯಾವುದಕ್ಕೂ ಜಗ್ಗದಿದ್ದಾಗ ದೊಡ್ಡ ಕರುಳನ್ನು ತೆಗೆದುಹಾಕುವ ಶಸ್ತ್ರಚಿಕಿತ್ಸೆಯೂ ಇದೆ.

ಇನ್ನು ಆಹಾರದ ವಿಚಾರ. ಊಟದಿಂದ ರೋಗ ಬರಲಿಲ್ಲವೆಂದ ಮಾತ್ರಕ್ಕೆ ಊಟದ ಎಚ್ಚರ ಬೇಡವೆಂದಲ್ಲ. ಉಲ್ಬಣದ ದಿನಗಳಲ್ಲಿ ಕರುಳಿಗೆ ವಿಶ್ರಾಂತಿ ಬೇಕು. ಆಗ ಮೆತ್ತಗೆ ಬೆಂದ ಅನ್ನ, ರಾಗಿಯ ಗಂಜಿ, ಹೆಸರುಬೇಳೆಯ ಕಟ್ಟು, ಬಾಳೆಹಣ್ಣು ಹಿತವಾಗುತ್ತವೆ. ಹಸಿ ಉಳ್ಳಾಗಡ್ಡಿ, ಮೊಳಕೆಕಾಳು, ಕೆಂಪು ಮೆಣಸಿನಕಾಯಿಯ ರಂಜಕ, ಕರಿದ ತಿನಿಸುಗಳನ್ನು ದೂರವಿಡುವುದು ಲೇಸು. ಹಾಲು ಕೆಲವರಿಗೆ ಒಗ್ಗದು. ಅಂಥವರಿಗೆ ಮಜ್ಜಿಗೆ ಒಗ್ಗಬಹುದು. ಉಪಶಮನದ ದಿನಗಳಲ್ಲಿ ಮಾತ್ರ ಜೋಳದ ರೊಟ್ಟಿ, ಪಲ್ಯ, ಕಾಳುಗಳೆಲ್ಲವನ್ನೂ ಬಿಟ್ಟು ಬರೀ ಗಂಜಿಯ ಮೇಲೆ ಬದುಕಬೇಕಾಗಿಲ್ಲ. ಹಾಗೆ ಮಾಡಿದರೆ ಮೈಯಲ್ಲಿ ಸತ್ವ ಕುಗ್ಗುತ್ತದೆ. ಒಂದು ನೋಟುಪುಸ್ತಕದಲ್ಲಿ ದಿನದ ಊಟವನ್ನೂ ಹೊಟ್ಟೆಯ ಸ್ಥಿತಿಯನ್ನೂ ಬರೆದಿಟ್ಟರೆ ತಮಗೆ ಒಗ್ಗದ್ದು ಯಾವುದೆಂದು ತಾವೇ ಅರಿಯಬಹುದು. ನಮಗೆ ಬದನೆಕಾಯಿ ಎಣ್ಣೆಗಾಯಿ ಒಗ್ಗುತ್ತದೆ, ಹಸಿ ಸೌತೆಕಾಯಿ ಒಗ್ಗುವುದಿಲ್ಲ. ಇನ್ನೊಬ್ಬರಿಗೆ ಇದು ತಿರುವುಮುರುವಾಗಿರಬಹುದು.

ನಮ್ಮ ಮನೆಗಳಲ್ಲಿ ತಾಟಿಗೆ ಬಂದ ಪ್ರಸಾದವನ್ನು ಬಿಡಬಾರದೆಂಬ ಶಿಸ್ತಿದೆ. ಅದು ಒಳ್ಳೆಯ ಶಿಸ್ತು. ಆದರೆ ಅದನ್ನು ಪಾಲಿಸಲು ಬಡಿಸುವವರ ನೆರವೂ ಬೇಕು. 'ಇನ್ನೊಂದು ಹೋಳಿಗೆ' ಎಂದು ಕೈ ಅಡ್ಡವಿಟ್ಟರೂ ಬಿಡದೆ ಬಡಿಸುವ ಅಕ್ಕರೆಯಿಂದ ರೋಗಿಯು ಬಿಡಲೂ ಆಗದೆ ಉಣ್ಣಲೂ ಆಗದೆ ಸಂಕಟಪಡುತ್ತಾನೆ. ಬೇಡವೆಂದವರಿಗೆ ಒಮ್ಮೆ ಕೇಳಿ ಸುಮ್ಮನಾಗುವುದೂ ದಾಸೋಹದ ಸೌಜನ್ಯವೇ.

ಈ ರೋಗವಿರುವ ಮನೆಯವರು ನೆನಪಿಡಬೇಕಾದ ಇನ್ನು ಕೆಲವು ಮಾತುಗಳಿವೆ. ಮೈಕೈ ನೋವಿಗೆಂದು ಐಬುಪ್ರೊಫೇನ್, ಡೈಕ್ಲೋಫೆನಾಕ್‌ನಂಥ ಮಾತ್ರೆಗಳನ್ನು ತಾವೇ ತಂದು ನುಂಗಬಾರದು, ಅವುಗಳಿಂದ ರೋಗ ಕೆರಳಬಹುದು. ಸ್ಟೀರಾಯ್ಡ್ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬಾರದು, ವೈದ್ಯರು ಹೇಳಿದ ಅವಧಿ ಮೀರಿ ಮುಂದುವರಿಸಲೂಬಾರದು. ಗುದದ್ವಾರದ ಮೂಲಕ ಬಳಸುವ ಔಷಧಿಯನ್ನು ವೈದ್ಯರು ಸೂಚಿಸಿದರೆ ನಾಚಬಾರದು, ರೋಗವು ಕೆಳಭಾಗದಲ್ಲಿಯೇ ಇದ್ದಾಗ ಅದರಿಂದ ಹೆಚ್ಚಿನ ಗುಣವುಂಟು. ದಿನಕ್ಕೆ ಆರು ಅಥವಾ ಹೆಚ್ಚು ಸಲ ರಕ್ತಭೇದಿಯಾಗಿ, ಜೊತೆಗೆ ಜ್ವರವಿದ್ದರೆ ಅಥವಾ ನಾಡಿಬಡಿತ 90 ಮೀರಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ರೋಗಕ್ಕೆ ಎಂಟು ವರ್ಷ ತುಂಬಿದ ಮೇಲೆ ಸುಖವಾಗಿದ್ದರೂ ಕೊಲೊನೊಸ್ಕೋಪಿ ಪರೀಕ್ಷೆ ಮಾಡಿಸಬೇಕು, ಮುಂದೆ ಎಷ್ಟು ವರ್ಷಕ್ಕೊಮ್ಮೆ ಎಂಬುದನ್ನು ವೈದ್ಯರಿಂದಲೇ ಕೇಳಿ ತಿಳಿಯಬೇಕು. ದೀರ್ಘಕಾಲದ ಹುಣ್ಣು ಕೆಲವರಲ್ಲಿ ಕ್ಯಾನ್ಸರಿಗೆ ದಾರಿಯಾಗಬಹುದು, ಬೇಗ ಕಂಡುಹಿಡಿದರೆ ತಡೆಯಬಹುದು.

ಕೊನೆಯದಾಗಿ ಮದುವೆಯ ಮಾತು. ತಾಯಿ, ತಮ್ಮ ಮಗನು ಮದುವೆಯಾಗಲು ಈ ರೋಗ ಅಡ್ಡಿಯಲ್ಲ. ಸರಿಯಾದ ಚಿಕಿತ್ಸೆಯಲ್ಲಿರುವವರು ದುಡಿಯುತ್ತಾರೆ, ಸಂಸಾರ ನಡೆಸುತ್ತಾರೆ, ಮಕ್ಕಳನ್ನು ಪಡೆಯುತ್ತಾರೆ. ತಂದೆಗಿದ್ದ ಮಾತ್ರಕ್ಕೆ ಮಕ್ಕಳಿಗೆ ಬಂದೇ ತೀರುತ್ತದೆಂಬುದಿಲ್ಲ. ಬಹುಪಾಲು ಮಕ್ಕಳಿಗೆ ಬರುವುದಿಲ್ಲ. ಸಲ್ಫಾಸಲಜೀನ್ ನುಂಗುವ ಗಂಡಸರಲ್ಲಿ ವೀರ್ಯಾಣುಗಳು ತಾತ್ಕಾಲಿಕವಾಗಿ ಕಡಿಮೆಯಾಗಬಹುದು. ಔಷಧಿಯನ್ನು ಬದಲಾಯಿಸಿದರೆ ಕೆಲವು ತಿಂಗಳಲ್ಲಿ ಸರಿಹೋಗುತ್ತದೆ. ಅದಕ್ಕಾಗಿಯೂ ವೈದ್ಯರನ್ನು ಕೇಳಬೇಕೇ ಹೊರತು ಗುಟ್ಟಾಗಿ ಮಾತ್ರೆ ಬಿಡಬಾರದು. ಆದ್ದರಿಂದ ಮಗನನ್ನು ಇದೇ ವಾರ ವೈದ್ಯರ ಬಳಿಗೆ ಕರೆದುಕೊಂಡು ಹೋಗಿ ಮಾತ್ರೆ ನಿಲ್ಲಿಸಿದ ಸಂಗತಿಯನ್ನು ತಿಳಿಸಿರಿ. ಕನ್ಯೆಯ ಮನೆಯವರಿಗೂ ನಿಶ್ಚಿತಾರ್ಥಕ್ಕೆ ಮೊದಲೇ ಇದ್ದುದನ್ನು ಇದ್ದಂತೆ ಹೇಳಿರಿ. ಮುಚ್ಚಿಟ್ಟು ಮದುವೆ ಮಾಡಿದರೆ ಆತ ಮಾತ್ರೆಗಳನ್ನೂ ಮುಚ್ಚಿಟ್ಟು ನುಂಗಬೇಕಾಗುತ್ತದೆ. ಮುಚ್ಚಿಟ್ಟು ನುಂಗುವ ಮಾತ್ರೆ ತಪ್ಪಿಹೋಗುವುದು ಬಹು ಸುಲಭ. ನಾವು ಆಸ್ಪತ್ರೆಯಿಂದ ಮರಳಿದ ಎರಡು ವರ್ಷಗಳ ಮೇಲೆ ಹೆಣ್ಣು ನೋಡಲು ಹೋದಾಗ ಎಲ್ಲವನ್ನೂ ಹೇಳಿದೆವು. ಒಂದು ಮನೆಯವರು ಹಿಂದೆ ಸರಿದರು. ಇನ್ನೊಂದು ಮನೆಯ ಹುಡುಗಿ, 'ಔಷಧಿ ಎಷ್ಟು ಹೊತ್ತಿಗೆ ತಗೋಬೇಕು?' ಎಂದು ಕೇಳಿದಳು. ಅವರೇ ಇಂದು ನಮ್ಮ ಮನೆಯವರು. ಬೆಳಗಿನ ಲಿಂಗಪೂಜೆ ಮುಗಿಯುತ್ತಲೇ ವಿಭೂತಿಯ ಪಕ್ಕದಲ್ಲಿಟ್ಟ ಮಾತ್ರೆಯ ಡಬ್ಬಿಯನ್ನು ನಮ್ಮತ್ತ ಸರಿಸುವವರು ಅವರೇ.

ಊಟ ಬಲ್ಲವನಿಗೂ ರೋಗ ಬರುತ್ತದೆ. ನಮಗೆ ಬಂದಿದೆ. ಆ ಗಾದೆಯ ಉತ್ತರಾರ್ಧವನ್ನು ಮಾತ್ರ ಈ 19 ವರ್ಷಗಳಲ್ಲಿ ನಾವು ಮನಸಾರೆ ನಂಬಿದ್ದೇವೆ. ಮನೆಯವರೊಡನೆ, ವೈದ್ಯರೊಡನೆ, ಸಂಬಂಧ ಬೆಳೆಸಬಯಸುವವರೊಡನೆ ಬಾಯಿಬಿಟ್ಟು ಮಾತನಾಡಬಲ್ಲ ರೋಗಿಗೆ ಅರ್ಧ ಕಷ್ಟ ಅಲ್ಲಿಯೇ ಇಳಿಯುತ್ತದೆ. ಉಳಿದರ್ಧಕ್ಕೆ ಔಷಧಿಯಿದೆ, ಅದನ್ನು ಸುಖದ ದಿನಗಳಲ್ಲಿಯೂ ಬಿಡದಿರೋಣ.