ಜಂಟಿ ಖಾತೆ, ಒಬ್ಬರ ಕೈಲಿ ಚೆಕ್‌ಬುಕ್

ಮೇ ತಿಂಗಳ ಭಾನುವಾರ, ಉರಿಬಿಸಿಲು. ನೀಟ್ ಕೇಂದ್ರವೊಂದರ ಗೇಟಿನ ಹೊರಗೆ ತಂದೆಯೊಬ್ಬರು ಮಗಳ ಓಲೆ, ಕಾಲ್ಗೆಜ್ಜೆಗಳನ್ನು ಕರ್ಚೀಫಿನಲ್ಲಿ ಗಂಟು ಕಟ್ಟಿ ಹಿಡಿದುಕೊಂಡಿದ್ದರು. ಮೂಗುತಿ ಜಪ್ಪಯ್ಯ ಅಂದರೂ ಬರುತ್ತಿರಲಿಲ್ಲ. ಪಕ್ಕದ ಅಂಗಡಿಯಿಂದ ಕೊಬ್ಬರಿ ಎಣ್ಣೆ ತಂದು ಸವರಿದ ಮೇಲೆ ಬಂತು. ‘ಇಲ್ಲೇ ನಮ್ಮ ಸರ್ಕಾರಿ ಕಾಲೇಜಲ್ಲಿ ಒಂದು ಸೀಟು ಸಿಕ್ಕರೆ ಸಾಕು ಸಾರ್’ ಅಂದರು.

ಆ ಕಾಲೇಜಿಗೆ ಜಾಗ ಕೊಟ್ಟದ್ದು ರಾಜ್ಯ, ಮೇಷ್ಟರ ಸಂಬಳ ಕೊಡುವುದೂ ರಾಜ್ಯ. ನೂರರಲ್ಲಿ 15 ಸೀಟು ಅಖಿಲ ಭಾರತ ಕೋಟಾಕ್ಕೆ ಹೋಗುತ್ತವೆ, ಹೋಗಲಿ. ಉಳಿದ 85ಕ್ಕೂ ದೆಹಲಿಯ ಪ್ರಶ್ನೆಪತ್ರಿಕೆಯೇ ಯಾಕೆ?

ಇದರ ಬೇರು ತುರ್ತುಪರಿಸ್ಥಿತಿಯಲ್ಲಿದೆ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಶಿಕ್ಷಣ ಇದ್ದದ್ದು ರಾಜ್ಯ ಪಟ್ಟಿಯಲ್ಲಿ. ವಿರೋಧ ಪಕ್ಷದ ನಾಯಕರು ಜೈಲಿನಲ್ಲಿದ್ದಾಗ, 1976ರ 42ನೇ ತಿದ್ದುಪಡಿ ಅದನ್ನೂ ಅರಣ್ಯವನ್ನೂ ಎತ್ತಿ ಸಮವರ್ತಿ ಪಟ್ಟಿಗೆ ಹಾಕಿತು. ಆಮೇಲೆ ಬಂದ ಜನತಾ ಸರ್ಕಾರದ 44ನೇ ತಿದ್ದುಪಡಿ ಆ ಕಾಲದ ಎಷ್ಟೋ ಕೊಳೆ ತೊಳೆಯಿತು. ಶಿಕ್ಷಣ ಮಾತ್ರ ರಾಜ್ಯಕ್ಕೆ ವಾಪಸಾಗಲಿಲ್ಲ.

ಸಮವರ್ತಿ ಅಂದರೆ ಜಂಟಿ ಖಾತೆ. ಪಾಸ್‌ಬುಕ್ಕಿನಲ್ಲಿ ಇಬ್ಬರ ಹೆಸರು, ಚೆಕ್‌ಬುಕ್ ಒಬ್ಬರ ಕೈಲಿ. 254ನೇ ವಿಧಿಯ ಪ್ರಕಾರ ಎರಡು ಕಾನೂನುಗಳು ಡಿಕ್ಕಿ ಹೊಡೆದರೆ ಗೆಲ್ಲುವುದು ಕೇಂದ್ರದ್ದು. ರಾಷ್ಟ್ರಪತಿ ಅಂಕಿತ ಬಿದ್ದರೆ ರಾಜ್ಯದ್ದು ಉಳಿಯುತ್ತದೆ ಅಂತ ಒಂದು ಕಿಂಡಿಯೇನೋ ಇದೆ. ತಮಿಳುನಾಡು ಆ ಕಿಂಡಿಯಲ್ಲೂ ಕೈ ಹಾಕಿ ನೋಡಿತು. ನೀಟ್ ಬೇಡವೆಂದು 2021ರಲ್ಲಿ ಮಸೂದೆ ಪಾಸು ಮಾಡಿತು, ರಾಜ್ಯಪಾಲರು ವಾಪಸ್ ಕಳಿಸಿದಾಗ 2022ರಲ್ಲಿ ಮತ್ತೆ ಪಾಸು ಮಾಡಿತು. ಕೊನೆಗೂ ಅಂಕಿತ ಸಿಗಲಿಲ್ಲ.

ಉನ್ನತ ಶಿಕ್ಷಣದ ಗುಣಮಟ್ಟ ಕೇಂದ್ರ ಪಟ್ಟಿಯ 66ನೇ ನಮೂದಿನಲ್ಲಿ ಮೊದಲಿಂದಲೂ ಇದೆಯಲ್ಲ ಅನ್ನುತ್ತಾರೆ ವಕೀಲರು. ಇದೆ. ಡಾಕ್ಟರಾಗಿ ಹೊರಬರುವವರ ಮಟ್ಟ ಎಷ್ಟಿರಬೇಕೆಂದು ಕೇಂದ್ರ ಹೇಳಲಿ. ಒಳಗೆ ಯಾರನ್ನು ಬಿಡಬೇಕು ಅನ್ನುವುದು, ಪಿಯು ಅಂಕಕ್ಕೆ ಕಿಮ್ಮತ್ತು ಎಷ್ಟು ಅನ್ನುವುದು ಬೇರೆ ವಿಷಯ.

ರಾಜ್ಯದವರೇನು ಸಾಚಾಗಳಲ್ಲ. ಕ್ಯಾಪಿಟೇಶನ್ ಶುಲ್ಕ ನಿಷೇಧಿಸಿ 1984ರಲ್ಲೇ ಕರ್ನಾಟಕ ಕಾಯ್ದೆ ಮಾಡಿತ್ತು, ಡೊನೇಷನ್ ನಿಲ್ಲಲಿಲ್ಲ. 2024ರ ಸಿಇಟಿಯಲ್ಲಿ ಪಠ್ಯದಲ್ಲಿಲ್ಲದ ಪ್ರಶ್ನೆ ಬಂದು ರಂಪವಾಯಿತು. ಆದರೆ ಆ ರಂಪಕ್ಕೆ ಮಲ್ಲೇಶ್ವರದ ಪರೀಕ್ಷಾ ಪ್ರಾಧಿಕಾರದ ಬಾಗಿಲಿಗೆ ಹೋಗಿ ಕೂಗಬಹುದಿತ್ತು, ಕೂಗಿದರು ಕೂಡ. ಅದೇ ವರ್ಷ ನೀಟ್‌ನಲ್ಲಿ 1,563 ಮಂದಿಗೆ ಕೃಪಾಂಕ ಕೊಟ್ಟು, ಆಮೇಲೆ ಕಿತ್ತುಕೊಂಡಾಗ ನಮ್ಮೂರಿನವರು ಯಾರ ಬಾಗಿಲು ತಟ್ಟಬೇಕಿತ್ತು?

2024ರ ಜುಲೈನಲ್ಲಿ ನಮ್ಮ ವಿಧಾನಸಭೆಯೂ ನೀಟ್ ವಿರುದ್ಧ ನಿರ್ಣಯ ಮಾಡಿತು. ನಿರ್ಣಯ ಕಾನೂನಲ್ಲ, ಲಗ್ನಪತ್ರಿಕೆಯಷ್ಟೂ ಬಾಳುವುದಿಲ್ಲ. ಅದನ್ನು ಮಂಡಿಸಿದ ಪಕ್ಷವೇ 1976ರಲ್ಲಿ ಶಿಕ್ಷಣವನ್ನು ದೆಹಲಿಗೆ ಸಾಗಿಸಿದ್ದು ಎಂಬುದನ್ನು ಅಲ್ಲಿ ಯಾರೂ ಬಾಯ್ತಪ್ಪಿ ಕೂಡ ಒಪ್ಪಿಕೊಳ್ಳುವಂತಿರಲಿಲ್ಲ. ಎದುರು ಸಾಲಿನವರೋ, ತುರ್ತುಪರಿಸ್ಥಿತಿಯನ್ನು ಪ್ರತಿ ಜೂನ್‌ನಲ್ಲೂ ಬೈಯುತ್ತಾರೆ. ಅದು ಕೊಟ್ಟ ಈ ಅಧಿಕಾರವನ್ನು ಮಾತ್ರ ಬಿಟ್ಟುಕೊಡುವುದಿಲ್ಲ.

ಲೋಕಸಭೆಯಲ್ಲಿ ನಮ್ಮವರು 28 ಜನ. ವೋಟು ಕೇಳಲು ಬಂದಾಗ ಒಂದೇ ಮಾತು ಕೇಳಿ: ಶಿಕ್ಷಣವನ್ನು ರಾಜ್ಯ ಪಟ್ಟಿಗೆ ತರುವ ತಿದ್ದುಪಡಿಗೆ ಕೈ ಎತ್ತುತ್ತೀರಾ? ಹೌದು ಅಂದರೆ, ಹೈಕಮಾಂಡ್ ಬೇಡ ಅಂದರೂ ಎತ್ತುತ್ತೀರಾ ಅಂತ ಇನ್ನೊಂದು ಸಲ ಕೇಳಿ.