ಹತ್ತು ಸಾವಿರಕ್ಕೆ ಎಂಥ ಮಾನಿಟರ್?

ಚಿಕ್ಕಮ್ಮನ ಮಗ ಕೆಲಸಕ್ಕೆ ಸೇರಿ ಮೂರು ತಿಂಗಳು. ಲ್ಯಾಪ್‌ಟಾಪ್‌ಗೆ ಬಗ್ಗಿ ಕೂತು ಕೂತು ಆಗಲೇ ಕತ್ತು ನೋವು. "ಅಣ್ಣಾ, ಹತ್ತು ಸಾವಿರ ಇದೆ, 27 ಇಂಚಿಂದೇ ತಗೊಳ್ಲಾ?" ಅಂದ. ಬೇಡ ಅಂದೆ.

ಆ ಬೆಲೆಗೆ ಸಿಗೋ 27 ಇಂಚಿನವು ಸಾಮಾನ್ಯವಾಗಿ ಫುಲ್ ಎಚ್‌ಡಿ, ಅಂದರೆ 1920×1080 ಪಿಕ್ಸೆಲ್. ಅಷ್ಟೇ ಪಿಕ್ಸೆಲ್ 24 ಇಂಚಿನ ಪರದೆಯಲ್ಲಿ ಇಂಚಿಗೆ ಸುಮಾರು 92 ಬೀಳುತ್ತವೆ, 27ರಲ್ಲಿ 82. ಸಿನಿಮಾಗೆ ಪರವಾಗಿಲ್ಲ. ದಿನವಿಡೀ ಕೋಡ್, ಎಕ್ಸೆಲ್ ಓದೋರಿಗೆ ಅಕ್ಷರದ ಅಂಚು ಒರಟಾಗಿ ಕಾಣುತ್ತೆ. 27 ಬೇಕೇಬೇಕು ಅಂದ್ರೆ 2560×1440 ಇರೋದನ್ನೇ ನೋಡಿ, ಅದಕ್ಕೆ ಇನ್ನೊಂದಿಷ್ಟು ದುಡ್ಡು ಕೂಡಿಡಬೇಕು.

ಪ್ಯಾನೆಲ್ ಐಪಿಎಸ್ ಇರಲಿ, ಪಕ್ಕದಿಂದ ನೋಡಿದರೂ ಬಣ್ಣ ಅಷ್ಟಾಗಿ ಬದಲಾಗಲ್ಲ. ಡಬ್ಬದ ಮೇಲೆ ದಪ್ಪಕ್ಷರದ '1 ಮಿಲಿಸೆಕೆಂಡ್' ಗೇಮ್ ಆಡೋರ ತಲೆನೋವು. 24 ಇಂಚಿಗೆ ಕರ್ವ್ ಬರೀ ಶೋಕಿ.

ಇನ್ನು ಕತ್ತಿನ ವಿಷಯ. ಅಗ್ಗದ ಸ್ಟ್ಯಾಂಡ್‌ಗಳು ಬಹುಪಾಲು ಹಿಂದೆ ಮುಂದೆ ವಾಲುತ್ತವೆ, ಮೇಲೇರಲ್ಲ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೋ ತುಸು ಕೆಳಗೋ ಇರಬೇಕು. ಸದ್ಯಕ್ಕೆ ಇಂಜಿನಿಯರಿಂಗ್ ಪುಸ್ತಕ ಕೆಳಗಿಡಿ (ಕೊನೆಗೂ ಉಪಯೋಗಕ್ಕೆ ಬಂದವು!). ಹಿಂದೆ ವೆಸಾ ತೂತುಗಳಿದ್ದರೆ ಮುಂದೆ ಆರ್ಮ್ ಹಾಕಿಸಬಹುದು. ಎರಡು ಮಾಡೆಲ್ ನಡುವೆ ಆಯ್ಕೆ ಬಂದರೆ ತೂತಿರೋದನ್ನೇ ನಾನು ತಗೊಳ್ಳೋದು.

ಲ್ಯಾಪ್‌ಟಾಪ್‌ನಲ್ಲಿ ಎಚ್‌ಡಿಎಂಐ ಇಲ್ಲದಿದ್ದರೆ ಮೊದಲೇ ವಿಚಾರಿಸಿ, ಎಲ್ಲ ಟೈಪ್-ಸಿ ಪೋರ್ಟೂ ವಿಡಿಯೋ ಕಳಿಸಲ್ಲ. ಮನೆಗೆ ಬಂದ ದಿನವೇ ಪರದೆ ತುಂಬ ಬಿಳಿ, ಆಮೇಲೆ ಕಪ್ಪು ಹಾಕಿ ಸತ್ತ ಪಿಕ್ಸೆಲ್ ಹುಡುಕಿ. ವಾಪಸ್ ಕೊಡೋ ಗಡುವು ಮುಗಿಯೋವರೆಗೆ ಡಬ್ಬ ಬಿಸಾಕಬೇಡಿ.