ಗರ್ಭಕೋಶಕ್ಕೆ ಕತ್ತರಿ: ಪಶ್ಚಿಮ ತಾಲ್ಲೂಕುಗಳ ಮುಂದಿರುವ ಪ್ರಶ್ನೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಬಳ್ಳಾರಿ ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳೆಂದೇ ಹೆಸರಾಗಿದ್ದ ಈ ಸೀಮೆಯ ಆಡಳಿತ ನಕ್ಷೆ ಕಳೆದ ಮೂರು ದಶಕಗಳಲ್ಲಿ ಹಲವು ಬಾರಿ ಬದಲಾಗಿದೆ. 1997ರಲ್ಲಿ ದಾವಣಗೆರೆಗೆ ಸೇರಿದ ಹರಪನಹಳ್ಳಿ 2018ರಲ್ಲಿ ಬಳ್ಳಾರಿಗೆ ಮರಳಿತು. ಕೂಡ್ಲಿಗಿಯಿಂದ ಬೇರ್ಪಟ್ಟು ಕೊಟ್ಟೂರು ಪ್ರತ್ಯೇಕ ತಾಲ್ಲೂಕಾಯಿತು. 2021ರಲ್ಲಿ ಐದೂ ತಾಲ್ಲೂಕುಗಳು ಹೊಸಪೇಟೆ ಕೇಂದ್ರವಾದ ವಿಜಯನಗರ ಜಿಲ್ಲೆಯ ಪಾಲಾದವು. ಗಡಿರೇಖೆಗಳು ಎಷ್ಟೇ ಸರಿದರೂ ಸರಿಯದೆ ಉಳಿದದ್ದು ಇಲ್ಲಿನ ಹೆಣ್ಣುಮಕ್ಕಳ ಒಂದು ಸಂಕಟ. ತಿಂಗಳುಗಟ್ಟಲೆ ಬಿಳಿಸೆರಗು, ಸೊಂಟನೋವು, ನಿಲ್ಲದ ಮುಟ್ಟಿನ ಸ್ರಾವವನ್ನು ಸಹಿಸಿಕೊಂಡು, ಕೊನೆಗೆ ಸಾಲ ಮಾಡಿ ಪಟ್ಟಣದ ಆಸ್ಪತ್ರೆಯ ಮೆಟ್ಟಿಲೇರಿದಾಗ ಅನೇಕರ ಕಿವಿಗೆ ಬೀಳುವ ಮಾತು ಒಂದೇ: 'ಗರ್ಭಕೋಶ ತೆಗೆಸಿಬಿಡಿ.'

ಈ ಸಲಹೆ ಕೆಲವರ ಪಾಲಿಗೆ ಪ್ರಾಣ ಉಳಿಸುವಂಥದ್ದು. ಇನ್ನು ಕೆಲವರ ಪಾಲಿಗೆ ಅನಗತ್ಯ ಮಾತ್ರವಲ್ಲ, ಹಾನಿಕರ. ಇವೆರಡರ ನಡುವಿನ ಗೆರೆಯನ್ನು ಯಾರು, ಯಾವ ಆಧಾರದ ಮೇಲೆ ಎಳೆಯುತ್ತಾರೆ ಎಂಬುದೇ ಇಂದು ಕೇಳಬೇಕಾದ ಪ್ರಶ್ನೆ.

ಕಲಬುರ್ಗಿಯ ಪಾಠ

ಈ ಪ್ರಶ್ನೆ ಕರ್ನಾಟಕಕ್ಕೆ ಹೊಸತಲ್ಲ. ಚಿಕ್ಕಮಗಳೂರು ಜಿಲ್ಲೆಯ ಬೀರೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಬಡ ಹೆಣ್ಣುಮಕ್ಕಳ ಗರ್ಭಕೋಶಗಳನ್ನು ಅನಗತ್ಯವಾಗಿ ತೆಗೆಯಲಾಗಿದೆ ಎಂಬ ದೂರು ಹಿಂದೆಯೇ ಕೇಳಿಬಂದಿತ್ತು. 2015ರಲ್ಲಿ ಕಲಬುರ್ಗಿ ಜಿಲ್ಲೆಯ ಲಂಬಾಣಿ ತಾಂಡಾಗಳಿಂದ ಹೊರಬಿದ್ದ ಸಂಗತಿಗಳು ಇನ್ನೂ ಆಘಾತಕಾರಿಯಾಗಿದ್ದವು. ಹೊಟ್ಟೆನೋವೆಂದು ಹೋದವರಿಗೆ ಕ್ಯಾನ್ಸರ್ ಭಯ ಹುಟ್ಟಿಸಿ, ಒಂದು ಸ್ಕ್ಯಾನಿಂಗ್ ಮುಗಿಸಿ, ಅವಸರದಲ್ಲಿ ಶಸ್ತ್ರಚಿಕಿತ್ಸೆ ನಡೆಸಿದ ಕಥೆಗಳು ಒಂದರ ಹಿಂದೆ ಒಂದರಂತೆ ಬಯಲಾದವು. ಮೂವತ್ತೈದು ದಾಟದವರೂ ಅವರಲ್ಲಿ ಕಡಿಮೆಯಿರಲಿಲ್ಲ. ಕರ್ನಾಟಕ ಜನಾರೋಗ್ಯ ಚಳವಳಿಯ ಕಾರ್ಯಕರ್ತರು ದನಿ ಎತ್ತಿದ ಮೇಲೆ ಆರೋಗ್ಯ ಇಲಾಖೆ ತನಿಖೆ ನಡೆಸಿತು. ಖಾಸಗಿ ಆಸ್ಪತ್ರೆಗಳ ಪರವಾನಗಿ ರದ್ದತಿಯ ಆದೇಶಗಳೂ ಹೊರಬಿದ್ದವು. ಆದರೂ ನ್ಯಾಯ ದೊರೆಯಲಿಲ್ಲವೆಂದು 2017ರ ಫೆಬ್ರುವರಿಯಲ್ಲಿ ಆ ಮಹಿಳೆಯರು ಬೀದಿಗಿಳಿಯಬೇಕಾಯಿತು.

ನೆರೆಯ ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಮೂರು ವರ್ಷಗಳಲ್ಲಿ 4,605 ಗರ್ಭಕೋಶ ಶಸ್ತ್ರಚಿಕಿತ್ಸೆಗಳು ನಡೆದಿವೆ ಎಂದು 2019ರಲ್ಲಿ ಅಲ್ಲಿನ ಸರ್ಕಾರವೇ ಸದನದಲ್ಲಿ ಒಪ್ಪಿಕೊಂಡಿತು. ಕಬ್ಬು ಕಡಿಯುವ ಕೂಲಿ ಹೆಂಗಸರೇ ಈ ವಿವಾದದ ಕೇಂದ್ರದಲ್ಲಿದ್ದವರು. ಮುಟ್ಟಿನ ದಿನಗಳಲ್ಲಿ ಕೆಲಸ ತಪ್ಪಿದರೆ ಕೂಲಿ ಹೋಗುವುದಷ್ಟೇ ಅಲ್ಲ, ಮೇಸ್ತ್ರಿಗೆ ದಂಡವನ್ನೂ ತೆರಬೇಕಾದ ವ್ಯವಸ್ಥೆಯಲ್ಲಿ ಗರ್ಭಕೋಶವೇ ಭಾರವಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ಪಶ್ಚಿಮ ತಾಲ್ಲೂಕುಗಳನ್ನು ಬಲ್ಲವರಿಗೆ ಈ ಚಿತ್ರ ಅಪರಿಚಿತವೆನಿಸದು. ಇಲ್ಲಿಯೂ ತಾಂಡಾಗಳಿವೆ, ಮಳೆಯನ್ನೇ ನಂಬಿದ ಬೆದ್ದಲು ಭೂಮಿಯಿದೆ, ಸುಗ್ಗಿ ಮುಗಿದೊಡನೆ ಗುಳೆ ಹೊರಡುವ ಕುಟುಂಬಗಳಿವೆ. ಮಂಡ್ಯದ ಕಬ್ಬಿನ ಗದ್ದೆ, ಮಲೆನಾಡಿನ ಕಾಫಿ ತೋಟ, ಬೆಂಗಳೂರಿನ ಕಟ್ಟಡ ಕಾಮಗಾರಿಗಳಲ್ಲಿ ತಿಂಗಳುಗಟ್ಟಲೆ ದುಡಿಯುವ ಹೆಣ್ಣಿಗೆ ಶೌಚಾಲಯವಿಲ್ಲ, ಶುದ್ಧ ನೀರಿಲ್ಲ, ವಿಶ್ರಾಂತಿಯಿಲ್ಲ. ಸೋಂಕು ಹತ್ತುವುದು ಅಲ್ಲಿ, ಉಲ್ಬಣಿಸುವುದು ಊರಿಗೆ ಮರಳಿದ ಮೇಲೆ. ಬಾಲ್ಯವಿವಾಹ, ಇಪ್ಪತ್ತು ತುಂಬುವ ಮೊದಲೇ ಹೆರಿಗೆ, ಇಪ್ಪತ್ತೈದರ ಆಸುಪಾಸಿನಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ. ಇದಾದ ಮೇಲೆ 'ಮಕ್ಕಳಾದವಲ್ಲ, ಇನ್ನೇಕೆ ಆ ಚೀಲ?' ಎಂಬ ಮಾತು ಮನೆಯಲ್ಲೂ ಆಸ್ಪತ್ರೆಯಲ್ಲೂ ಸಲೀಸಾಗಿ ಬರುತ್ತದೆ.

ಕಾಯಿಲೆ ಹಲವು, ಮದ್ದೂ ಹಲವು

ವಾಸ್ತವದಲ್ಲಿ 'ಗರ್ಭಕೋಶದ ತೊಂದರೆ' ಎಂಬುದು ಒಂದೇ ಕಾಯಿಲೆಯಲ್ಲ. ಅತಿಸ್ರಾವಕ್ಕೆ ನಾರುಗಡ್ಡೆ ಕಾರಣವಾಗಿರಬಹುದು, ಹಾರ್ಮೋನಿನ ಏರುಪೇರು ಇರಬಹುದು, ಥೈರಾಯ್ಡ್ ಕೊರತೆಯೂ ಇರಬಹುದು. ಬಿಳಿಸೆರಗಿಗೆ ಬಹುಮಟ್ಟಿಗೆ ಸೋಂಕೇ ಕಾರಣ. ಅದು ಮಾತ್ರೆಗಳಿಂದ ಗುಣವಾಗುತ್ತದೆ. ಗಂಡನಿಗೂ ಚಿಕಿತ್ಸೆ ಬೇಕಾದ ಸಂದರ್ಭಗಳುಂಟು. ಗರ್ಭಕಂಠದ ಮೇಲೆ ಕಾಣುವ ಕೆಂಪು ಭಾಗವನ್ನು 'ಹುಣ್ಣು' ಎಂದು ತೋರಿಸಿ ಕ್ಯಾನ್ಸರ್ ಬರುತ್ತದೆಂದು ಹೆದರಿಸುವ ರೂಢಿಯಿದೆ. ಆದರೆ ಅದು ಹೆಚ್ಚಿನ ಸಂದರ್ಭಗಳಲ್ಲಿ ನಿರುಪದ್ರವಿ. ಕ್ಯಾನ್ಸರ್ ಸಂಶಯವಿದ್ದರೆ ಪ್ಯಾಪ್ ಸ್ಮಿಯರ್ ಅಥವಾ ಬಯಾಪ್ಸಿ ಮಾಡಿಸಬೇಕೇ ಹೊರತು ನೇರವಾಗಿ ಕತ್ತರಿ ಹಿಡಿಯುವುದಲ್ಲ.

ಅತಿಸ್ರಾವಕ್ಕೆ ಟ್ರಾನೆಕ್ಸಾಮಿಕ್ ಆಮ್ಲದ ಮಾತ್ರೆಗಳಿವೆ, ಹಾರ್ಮೋನು ಚಿಕಿತ್ಸೆಯಿದೆ. ಲೆವೊನಾರ್ಜೆಸ್ಟ್ರೆಲ್ ಹಾರ್ಮೋನನ್ನು ಗರ್ಭಕೋಶದೊಳಗೇ ನಿಧಾನವಾಗಿ ಬಿಡುಗಡೆ ಮಾಡುವ ಸಾಧನವನ್ನು ವಂಕಿಯಂತೆ ಅಳವಡಿಸಿದರೆ ಹಲವು ವರ್ಷ ಸ್ರಾವ ಹತೋಟಿಗೆ ಬರುತ್ತದೆ. ಅನೇಕರಿಗೆ ಶಸ್ತ್ರಚಿಕಿತ್ಸೆಯ ಅಗತ್ಯವೇ ಬೀಳುವುದಿಲ್ಲ. ಗರ್ಭಕೋಶದ ಒಳಪದರವನ್ನು ಮಾತ್ರ ಸುಡುವ ವಿಧಾನವಿದೆ. ನಾರುಗಡ್ಡೆಯನ್ನಷ್ಟೇ ತೆಗೆದು ಗರ್ಭಕೋಶ ಉಳಿಸುವ ಶಸ್ತ್ರಚಿಕಿತ್ಸೆ ಇದೆ. ಗಡ್ಡೆಗೆ ರಕ್ತ ಹರಿಸುವ ನಾಳವನ್ನು ಮುಚ್ಚುವ ತಂತ್ರ ದೊಡ್ಡ ನಗರಗಳಲ್ಲಿ ಲಭ್ಯ. ತೊಂದರೆ ಕೊಡದ ಸಣ್ಣ ಗಡ್ಡೆಗೆ ಯಾವ ಚಿಕಿತ್ಸೆಯೂ ಬೇಡ, ಮುಟ್ಟು ನಿಂತ ಮೇಲೆ ಅದು ತಾನೇ ಕುಗ್ಗುವುದುಂಟು. ಗರ್ಭಕೋಶ ಜಾರಿದವರಿಗೂ ಆರಂಭದ ಹಂತದಲ್ಲಿ ವ್ಯಾಯಾಮ ಮತ್ತು ಒಳಗಿಡುವ ಬಳೆಯಂಥ ಸಾಧನ ನೆರವಾಗುತ್ತವೆ.

ಹಾಗೆಂದು ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆಯನ್ನೇ ಅಪರಾಧವೆಂಬಂತೆ ಕಾಣುವುದು ತಪ್ಪು. ಕ್ಯಾನ್ಸರ್ ದೃಢಪಟ್ಟಾಗ, ಹೆರಿಗೆಯ ನಂತರದ ರಕ್ತಸ್ರಾವ ಯಾವ ಉಪಾಯಕ್ಕೂ ಬಗ್ಗದಿದ್ದಾಗ, ಗಡ್ಡೆ ವಿಪರೀತ ಬೆಳೆದಾಗ, ಉಳಿದೆಲ್ಲ ಚಿಕಿತ್ಸೆ ವಿಫಲವಾಗಿ ರಕ್ತಹೀನತೆ ಜೀವ ಹಿಂಡುತ್ತಿರುವಾಗ ಅದು ಅನಿವಾರ್ಯ. ಯೋನಿಮಾರ್ಗದಿಂದ, ಲ್ಯಾಪರೊಸ್ಕೋಪಿಯಿಂದ ಅಥವಾ ಹೊಟ್ಟೆ ಕೊಯ್ದು ಅದನ್ನು ಮಾಡಬಹುದು. ಮೊದಲೆರಡರಲ್ಲಿ ಚೇತರಿಕೆ ಶೀಘ್ರ. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಗರ್ಭಕೋಶದೊಡನೆ ಅಂಡಾಶಯಗಳನ್ನೂ ತೆಗೆದರೆ ಮೂವತ್ತರ ಹೆಣ್ಣು ರಾತ್ರಿ ಕಳೆಯುವುದರೊಳಗೆ ಮುಟ್ಟು ನಿಂತವಳ ಸ್ಥಿತಿಗೆ ಬರುತ್ತಾಳೆ. ಮೈ ಕಾವೇರುವುದು, ನಿದ್ರೆಗೇಡು, ಮೂಳೆ ಸವೆತ, ಹೃದ್ರೋಗದ ಅಪಾಯಗಳು ಬೆನ್ನಟ್ಟುತ್ತವೆ. ಅಂಡಾಶಯ ಉಳಿಸಿಕೊಂಡರೂ ಮುಟ್ಟುನಿಲುಗಡೆಯ ಬದಲಾವಣೆಗಳು ಬೇಗ ಆರಂಭವಾಗುವ ಸಾಧ್ಯತೆಯುಂಟು. ಕೂಲಿ ತಪ್ಪಬಾರದೆಂದು ಶಸ್ತ್ರಚಿಕಿತ್ಸೆಗೆ ಒಪ್ಪಿದವಳು ಕೂಲಿ ಮಾಡುವ ಶಕ್ತಿಯನ್ನೇ ಕಳೆದುಕೊಳ್ಳುವುದು ಇಲ್ಲಿನ ದೊಡ್ಡ ವಿಪರ್ಯಾಸ.

ಅಂಕಿಅಂಶ ಹೇಳುವುದೇನು?

2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಈ ಬಗ್ಗೆ ಮೊದಲ ಬಾರಿಗೆ ದೇಶವ್ಯಾಪಿ ಮಾಹಿತಿ ಕಲೆಹಾಕಿತು. 15ರಿಂದ 49 ವರ್ಷದೊಳಗಿನ ಶೇ 3.2ರಷ್ಟು ಮಹಿಳೆಯರು ಗರ್ಭಕೋಶ ತೆಗೆಸಿಕೊಂಡಿದ್ದರು. ಬಳ್ಳಾರಿಗೆ ಹೊಂದಿಕೊಂಡ ಆಂಧ್ರಪ್ರದೇಶದಲ್ಲಿ ಈ ಪ್ರಮಾಣ ಶೇ 8.9. ಶಸ್ತ್ರಚಿಕಿತ್ಸೆಯ ಸಮಯದ ಮಧ್ಯಕ ವಯಸ್ಸು 34. ಅಂದರೆ ಅರ್ಧದಷ್ಟು ಮಂದಿ ಆ ವಯಸ್ಸಿಗೆ ಮುನ್ನವೇ ಗರ್ಭಕೋಶ ಕಳೆದುಕೊಂಡಿದ್ದರು. ಮೂರರಲ್ಲಿ ಎರಡು ಪಾಲು ಶಸ್ತ್ರಚಿಕಿತ್ಸೆಗಳು ಖಾಸಗಿ ಆಸ್ಪತ್ರೆಗಳಲ್ಲಿ ನಡೆದಿದ್ದವು. ಅರ್ಧಕ್ಕಿಂತ ಹೆಚ್ಚು ಮಂದಿ ನೀಡಿದ ಕಾರಣ ಅತಿಸ್ರಾವ ಅಥವಾ ನೋವು. ಇವು ಅನೇಕರಲ್ಲಿ ಔಷಧಿಯಿಂದಲೇ ಹತೋಟಿಗೆ ಬರುವ ತೊಂದರೆಗಳೆಂಬುದು ಗಮನಾರ್ಹ.

ಖಾಸಗಿಯತ್ತ ಈ ಓಟಕ್ಕೆ ದುರಾಸೆಯ ವೈದ್ಯರನ್ನಷ್ಟೇ ದೂರಿದರೆ ಸಾಲದು. ತಾಲ್ಲೂಕು ಆಸ್ಪತ್ರೆಯ ಸ್ತ್ರೀರೋಗ ವಿಭಾಗದ ಹೊತ್ತೆಲ್ಲ ಹೆರಿಗೆ ಮತ್ತು ಸಂತಾನಹರಣಕ್ಕೇ ಸಲ್ಲುತ್ತದೆ. ಬಿಳಿಸೆರಗಿನ ಮಾತು ಕೇಳಲು ಅಲ್ಲಿ ವ್ಯವಧಾನವಿಲ್ಲ. ದೊಡ್ಡ ತಪಾಸಣೆಗೆ ಕೂಡ್ಲಿಗಿಯವರು ಬಳ್ಳಾರಿಗೆ, ಹರಪನಹಳ್ಳಿಯವರು ದಾವಣಗೆರೆಯ ಚಿಗಟೇರಿ ಆಸ್ಪತ್ರೆಗೆ, ಹಡಗಲಿಯವರು ಹೊಳೆ ದಾಟಿ ಗದಗ, ಹುಬ್ಬಳ್ಳಿಗಳಿಗೆ ಅಲೆಯಬೇಕು. ಒಂದು ದಿನದ ಕೂಲಿ, ಬಸ್ ಚಾರ್ಜು, ಜತೆಗೊಬ್ಬರು. ಮೂರು ಬಾರಿ ಅಲೆಯುವುದಕ್ಕಿಂತ ಒಮ್ಮೆಗೇ 'ತೆಗೆಸಿ ಮುಗಿಸುವುದು' ಅಗ್ಗವೆಂಬ ಲೆಕ್ಕಾಚಾರ ಹುಟ್ಟುವುದು ಹೀಗೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್‌ಗೆ ಒಳಗಾದ ಐವರು ಬಾಣಂತಿಯರು ಬಳಿಕ ಸಾವಿಗೀಡಾದ ದುರಂತ, ಮೊದಲೇ ತೆಳುವಾಗಿದ್ದ ನಂಬಿಕೆಯನ್ನು ಮತ್ತಷ್ಟು ಸವೆಸಿತು.

ಆದೇಶವಿದೆ, ಅನುಷ್ಠಾನ ಬೇಕು

ರಾಜಸ್ಥಾನ, ಬಿಹಾರ ಮತ್ತು ಛತ್ತೀಸಗಢಗಳ ಪ್ರಕರಣಗಳನ್ನು ಮುಂದಿಟ್ಟು ಡಾ. ನರೇಂದ್ರ ಗುಪ್ತಾ ಅವರು ಸಲ್ಲಿಸಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ 2023ರ ಏಪ್ರಿಲ್ 5ರಂದು ಸುಪ್ರೀಂ ಕೋರ್ಟ್ ತೀರ್ಪು ನೀಡಿತು. ಕೇಂದ್ರದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಅಳವಡಿಸಿಕೊಳ್ಳಬೇಕೆಂದು ನಿರ್ದೇಶಿಸಿತು. ರಾಷ್ಟ್ರ, ರಾಜ್ಯ ಹಾಗೂ ಜಿಲ್ಲಾ ಮಟ್ಟದ ನಿಗಾ ಸಮಿತಿಗಳು ಆ ಮಾರ್ಗಸೂಚಿಯ ತಿರುಳು. ತಿಳಿವಳಿಕೆಯುಳ್ಳ ಸಮ್ಮತಿ ಪಡೆಯದೆ ಅನಗತ್ಯ ಶಸ್ತ್ರಚಿಕಿತ್ಸೆ ನಡೆಸಿದ ಆಸ್ಪತ್ರೆಗಳನ್ನು ಕಪ್ಪುಪಟ್ಟಿಗೆ ಸೇರಿಸಬೇಕೆಂದೂ ನ್ಯಾಯಾಲಯ ಹೇಳಿತು. ಇತ್ತ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ದೂರು ಸಲ್ಲಿಸುವ ಅವಕಾಶವೂ ಇದೆ.

ವಿಜಯನಗರದಂಥ ಹೊಸ ಜಿಲ್ಲೆಗೆ ಇದೊಂದು ಅವಕಾಶ. ನಿಗಾ ಸಮಿತಿ ನಿಯಮಿತವಾಗಿ ಸಭೆ ಸೇರಿ, ಯಾವ ತಾಲ್ಲೂಕಿನಲ್ಲಿ, ಯಾವ ವಯಸ್ಸಿನ ಎಷ್ಟು ಮಂದಿಗೆ, ಯಾವ ಕಾರಣಕ್ಕೆ ಶಸ್ತ್ರಚಿಕಿತ್ಸೆ ನಡೆಯಿತೆಂಬುದನ್ನು ಹೆಸರುಗಳಿಲ್ಲದೆ ಪ್ರಕಟಿಸಲಿ. ನಲವತ್ತರೊಳಗಿನ ಪ್ರತಿ ಪ್ರಕರಣಕ್ಕೂ ಎರಡನೇ ವೈದ್ಯರ ಅಭಿಪ್ರಾಯ ಕಡ್ಡಾಯವಾಗಲಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನವಾದರೂ ಹೆರಿಗೆಯೇತರ ಸ್ತ್ರೀರೋಗಗಳಿಗೇ ಮೀಸಲಿರಲಿ. ಹಾರ್ಮೋನು ಸಾಧನ ಅಲ್ಲಿ ಉಚಿತವಾಗಿ ಸಿಗಲಿ. ಆಶಾ ಕಾರ್ಯಕರ್ತೆಯರ ತರಬೇತಿಯಲ್ಲಿ ಗರ್ಭಿಣಿಯರ ಜತೆಗೆ ಮುಟ್ಟಿನ ತೊಂದರೆಯಿಂದ ನರಳುವವರಿಗೂ ಜಾಗ ದೊರೆಯಲಿ.

ತಾಂಡಾದ ಹೆಣ್ಣುಮಗಳು ವೈದ್ಯರ ಮುಂದೆ ಕುಳಿತಾಗ ಮೂರು ಪ್ರಶ್ನೆ ಕೇಳುವಂತಾದರೆ ಅರ್ಧ ಕೆಲಸ ಆದಂತೆ: ಕಾಯಿಲೆಯ ಹೆಸರೇನು? ಬೇರೆ ಚಿಕಿತ್ಸೆ ಏನಿದೆ? ಅಂಡಾಶಯ ಉಳಿಯುತ್ತದೆಯೇ? ಉತ್ತರಗಳನ್ನು ಅವಳ ಭಾಷೆಯಲ್ಲಿ, ಅವಳಿಗೆ ಅರ್ಥವಾಗುವಂತೆ ಹೇಳುವ ವ್ಯವಧಾನ ವ್ಯವಸ್ಥೆಗೆ ಬರಬೇಕು. ಒಮ್ಮೆ ತೆಗೆದ ಅಂಗವನ್ನು ಯಾವ ತನಿಖಾ ಸಮಿತಿಯೂ ಮರಳಿ ಕೊಡಲಾರದು.